ಎರಡೇ ಕರೆಗೆ ಓಗೊಟ್ಟ ಉಗ್ಗಪ್ಪಣ್ಣ

ಹರಿನಾಥ ಸರ್ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಘಟ್ಟದ ಮೇಲಿನ ಒಂದು ಕಾಲೇಜಿನಿಂದ ಪ್ರತಿ ವರ್ಷ ಮಳೆಗಾಲದ ಸೋಣ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ನಮ್ಮ ಕುಂಟಲಪದವು ಎಂಬ ಕಲ್ಲುಬಯಲಿಗೆ ಬರುತ್ತಿದ್ದ ಮೇಷ್ಟ್ರು ಅವರು. ಗಿಡ, ಕಪ್ಪೆ, ನೀರು, ಇವನ್ನೆಲ್ಲ ಉಳಿಸಿಕೊಳ್ಳುವುದು ಹೇಗೆ ಎಂದು ಪದವಿನ ಮೇಲೆಯೇ ನಿಲ್ಲಿಸಿ ಕಲಿಸುತ್ತಿದ್ದರು. ಆ ಘಟನೆ ನಡೆದ ಮರುವರ್ಷ ಅವರ ಫೋನ್ ಬಂತು.

"ಮಹಾಬಲ, ಜೀಪು ನಿಮ್ಮದೇ ಬೇಕು. ಆದರೆ ಆ ಉಗ್ಗಪ್ಪನನ್ನು ಕರೆತರಬೇಡಿ. ಭೂತ ಅಂತ ಅವನು ಹೆದರಿ ನಿಂತದ್ದರಿಂದ ಹುಡುಗಿ ಸಾಯೋದರಲ್ಲಿದ್ದಳು."

ಉಗ್ಗಪ್ಪಣ್ಣ ಹೆದರಿ ನಿಂತದ್ದು ನಿಜ. ಸುಳ್ಳಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಆದರೆ ನಿಂತ ಮೇಲೆ ಆ ಮನುಷ್ಯ ಎಂತ ಮಾಡಿದರು ಎನ್ನುವುದನ್ನು ಹರಿನಾಥ ಸರ್ ಕಣ್ಣಾರೆ ಕಂಡಿದ್ದಾರೆ. ಕಂಡವರು ಅದನ್ನು ಎಲ್ಲಿಯೂ ಹೇಳಲಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ. "ಜೀಪೂ ಇಲ್ಲ, ಎಂತದೂ ಇಲ್ಲ, ಇಡಿ ಫೋನ್" ಎಂದೆ. ಈಗ ಅವರು ಪೈವಳಿಕೆ ಕಡೆಯ ಬೇರೊಂದು ಪದವಿಗೆ ಹೋಗುತ್ತಾರಂತೆ. ಹೋಗಲಿ. ಅವರು ಹೇಳದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಉಗ್ಗಪ್ಪಣ್ಣನ ಮನೆ ಬೆಳ್ಳೂರಿನಲ್ಲಿ, ನಮ್ಮ ಮನೆಯಿಂದ ಒಂದು ಗದ್ದೆಯ ಆಚೆ. ನನಗಿಂತ ಹದಿನೈದು ವರ್ಷಕ್ಕೆ ಹಿರಿಯರು. ಅವರಷ್ಟು ಹೆದರುವ ಮನುಷ್ಯನನ್ನು ನಾನು ಕಂಡಿಲ್ಲ. ಅವರ ಅಪ್ಪ ಗುಡ್ಡಕ್ಕೆ ಅಡ್ಡವಾಗಿ ನೀರಿನ ಸುರಂಗ ಕೊರೆಯುವವರು. ಮಗನನ್ನು ಮಣ್ಣು ಹೊರಲು ಕರೆದುಕೊಂಡು ಹೋದರೆ, ಅವನು ಸುರಂಗದ ಬಾಯಿಯಲ್ಲಿ ಕುಳಿತು ಅತ್ತನಂತೆ. ಅಡಿಕೆ ಮರ ಹತ್ತಲು ಕಲಿಸಿದರು; ಒಂದಾಳು ಎತ್ತರಕ್ಕೆ ಹೋಗಿ ಮರವನ್ನು ತಬ್ಬಿಕೊಂಡವನು ಇಳಿಯಲೂ ಇಲ್ಲ, ಏರಲೂ ಇಲ್ಲ. ಮದುವೆಯ ದಿಬ್ಬಣ ಹೋಗುವಾಗ ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಬೇಕಿತ್ತು. ಮದುಮಗ ಸಂಕ ಕಂಡು ಕಂಬದ ಹಾಗೆ ನಿಂತ. ಕಡೆಗೆ ಹೆಣ್ಣಿನ ಅಣ್ಣನೇ ಬಂದು ಭಾವನನ್ನು ಹೆಗಲ ಮೇಲೆ ಕೂರಿಸಿ ದಾಟಿಸಿದ. ಅವರ ಹೆಂಡತಿ ಶಂಕರಿಯಕ್ಕ ಇವತ್ತಿಗೂ ಹೇಳುವುದುಂಟು: "ನನ್ನನ್ನು ಧಾರೆ ಎರೆದು ಕೊಟ್ಟದ್ದೆಂತ, ಇವರನ್ನೇ ನಮ್ಮ ಮನೆಗೆ ಹೊತ್ತು ತಂದದ್ದು."

ನನ್ನ ಜೀಪಿನಲ್ಲಿ ಬದಿಯಡ್ಕಕ್ಕೆ ಬರುವಾಗಲೂ ಒಂದು ಕಾಲು ಹೊರಗೆ ಇಟ್ಟೇ ಕೂರುತ್ತಿದ್ದರು.

"ಕಾಲು ಒಳಗೆ ತೆಗೀರಿ ಉಗ್ಗಪ್ಪಣ್ಣ, ಬಸ್ಸಿನವ ಉಜ್ಜಿಕೊಂಡು ಹೋದ್ರೆ?"

"ನೀನು ಹೊಂಡಕ್ಕೆ ಹಾಕಿದ್ರೆ ಹಾರ್ಲಿಕ್ಕೆ ಬೇಡ್ವಾ ಮಾರಾಯ?"

ಅಂಥವರಿಗೆ ಊರಿನಲ್ಲಿ ಉಳಿದ ಒಂದೇ ಜಾಗ ಪದವು. ಚಪ್ಪಟೆ ಮುರಕಲ್ಲು, ಕಣ್ಣು ಹೋಗುವಷ್ಟು ದೂರ ಹುಲ್ಲು. ಏರುವುದಕ್ಕೆ ಮರವಿಲ್ಲ, ಬೀಳುವುದಕ್ಕೆ ಎತ್ತರವಿಲ್ಲ. ಹರೆಯದಿಂದ ಅಲ್ಲಿ ದನ ಮೇಯಿಸಿದರು, ಮುಳಿಹುಲ್ಲು ಕೊಯ್ದು ಮಾರಿದರು. ಅಲ್ಲಿರುವಾಗ ಮಾತ್ರ ಅವರು ಹಾಡುವುದನ್ನು ನಾನು ಕೇಳಿದ್ದೇನೆ. ಆಮೇಲೆ ಕಲ್ಲು ಕಡಿಯುವ ಮೆಷಿನು ಬಂತು. ಪದವಿನ ಪಡುಬದಿಯನ್ನು ಮೊಸರು ಕೊಯ್ದ ಹಾಗೆ ಕೊಯ್ದು, ಕಲ್ಲು ಮುಗಿದಾಗ ಆ ಹೊಂಡಗಳನ್ನು, ಕೋರೆಗಳನ್ನು, ಬಾಯಿ ತೆರೆದ ಹಾಗೆಯೇ ಬಿಟ್ಟು ಹೋದರು. ಮನೆಯ ಗೋಡೆಯಂತೆ ನೇರ ಬದಿ, ಮೂರಾಳು ಆಳ, ಅಂಚಿಗೆ ಹುಲ್ಲು ಮುಚ್ಚಿದರೆ ಹೊಂಡ ಇದೆ ಎಂದೇ ಗೊತ್ತಾಗುವುದಿಲ್ಲ. ಹೆದರಿಕೆಯಿಲ್ಲದ ಒಂದು ಜಾಗ ಇತ್ತು, ಅದೂ ಹೋಯಿತು. ಅಲ್ಲಿಂದ ಮುಂದೆ ಉಗ್ಗಪ್ಪಣ್ಣ ಪದವಿನಲ್ಲೂ ಕೋಲು ಕುಟ್ಟಿಕೊಂಡೇ ನಡೆದರು.

ಕ್ಯಾಂಪಿಗೆ ಅವರನ್ನು ಹೊಂದಿಸಿದವನು ನಾನೇ. ಮಕ್ಕಳ ಮುಂದೆ ನಡೆಯುವುದಕ್ಕೆ ಒಬ್ಬರು ಬೇಕು ಎಂದರು ಹರಿನಾಥ ಸರ್. ಧೈರ್ಯದವನನ್ನು ಕೊಟ್ಟರೆ ಮಕ್ಕಳನ್ನು ಎಲ್ಲೆಲ್ಲಿಗೋ ಕೊಂಡುಹೋಗುತ್ತಾನೆ, ಇವರಾದರೆ ಹೊಂಡದ ನೂರು ಮಾರು ಹತ್ತಿರಕ್ಕೂ ಹೋಗುವುದಿಲ್ಲ ಎಂಬುದು ನನ್ನ ಲೆಕ್ಕ. ಮಕ್ಕಳು ಉಳಿದುಕೊಳ್ಳುತ್ತಿದ್ದದ್ದು ಮುಚ್ಚಿಹೋದ ಶಾಲೆಯ ಹಾಲಿನಲ್ಲಿ. ಗಂಜಿ, ತಿಮರೆ ಸೊಪ್ಪಿನ ಚಟ್ನಿ, ಒಣಮೀನು ಎಲ್ಲ ಶಂಕರಿಯಕ್ಕನದು. ಹಗಲಿಡೀ ಮಕ್ಕಳು ಪದವಿನ ಮೇಲೆ ತಂತಿಯ ಚೌಕ ಇಟ್ಟು ಅದರೊಳಗಿನ ಗಿಡ ಎಣಿಸುವುದು, ಮಳೆನೀರು ನಿಂತ ಪಳ್ಳಗಳ ಪಕ್ಕ ಕವುಚಿ ಮಲಗಿ ಕಪ್ಪೆಮರಿ ನೋಡುವುದು. ಸೋಣದಲ್ಲಿ ಪದವು ನೀಲಿ ಹೂವಿನಿಂದ ತುಂಬಿರುತ್ತದೆ. ಉಗುರಿನಷ್ಟು ದೊಡ್ಡದಿಲ್ಲ ಒಂದೊಂದು ಹೂವು. ಅದು ಹುಳ ತಿನ್ನುವ ಗಿಡ ಎಂದು ಮೇಷ್ಟ್ರು ಹೇಳಿದ ಮೇಲೆ ಉಗ್ಗಪ್ಪಣ್ಣ ಅದನ್ನೂ ತುಳಿಯದೆ ಸುತ್ತು ಹಾಕಿ ನಡೆದರು.

ನಾನು ಹೇಳಬೇಕಾದ್ದು ಮೂರು ವರ್ಷದ ಹಿಂದಿನ ಕ್ಯಾಂಪು. ಆ ಸಲ ಪೂಜಾಶ್ರೀ ಎಂಬ ಹುಡುಗಿ ಬಂದಿದ್ದಳು. ಹಾಸನದ ಕಡೆಯವಳು, ತೆಳ್ಳಗೆ, ಬಾಯಿ ಮಾತ್ರ ಬಜಾರು. ಬಂದ ದಿನವೇ ಉಗ್ಗಪ್ಪಣ್ಣನ ಬೆನ್ನು ಹತ್ತಿದಳು.

"ಅಜ್ಜಾ, ನಿಮಗೆ ಹಾವು ಕಂಡ್ರೆ ಭಯಾನಾ?"

"ಹಾವು ಹೇಳ್ಬೇಡಿ ಮಗಾ, ಹೆಸರು ಹಿಡೀಬಾರ್ದು. 'ಒಳ್ಳೆಯದು' ಹೇಳಿ."

"ಕತ್ತಲೆ ಕಂಡ್ರೆ?"

"ಉಂಟು."

"ಹೆಂಡ್ತಿ ಕಂಡ್ರೆ?"

ಒಲೆಯ ಹತ್ತಿರದಿಂದ ಶಂಕರಿಯಕ್ಕ, "ಅದೊಂದು ಕಮ್ಮಿ ನೋಡು ಇವರಿಗೆ. ಅದೊಂದಿದ್ರೆ ಉದ್ಧಾರ ಆಗ್ತಿದ್ರು" ಎಂದರು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಮರುದಿನ ಪದವಿಗೆ ಹೊರಡುವ ಮೊದಲು ಉಗ್ಗಪ್ಪಣ್ಣ ಮಕ್ಕಳನ್ನು ನಿಲ್ಲಿಸಿ ಒಂದು ಮಾತು ಹೇಳಿದರು. ನಮ್ಮಲ್ಲಿ ಅಜ್ಜಿಯಂದಿರು ಎಲ್ಲರಿಗೂ ಹೇಳಿಕೊಡುವ ಮಾತು ಅದು. ಪದವಿನಲ್ಲಿ ಯಾರಾದರೂ ಕರೆದರೆ ಒಂದನೆಯ ಕರೆಗೆ ಓಗೊಡಬಾರದು. ಎರಡನೆಯದಕ್ಕೂ ಕೊಡಬಾರದು. ಮೂರನೆಯದಕ್ಕೆ ಮಾತ್ರ 'ಓ' ಎನ್ನಬೇಕು.

"ಯಾಕಜ್ಜ?" ಎಂದು ಕೇಳಿದವಳು ಪೂಜಾಶ್ರೀಯೇ.

"ಮನುಷ್ಯ ಆದ್ರೆ ಮೂರು ಸಲ ಕರೀತಾನೆ. ಕುಲೆಗೆ ಎರಡೇ ಸಲ ಕರೀಲಿಕ್ಕೆ ಆಗುದು."

"ಕುಲೆ ಅಂದ್ರೆ?"

"ಸತ್ತವರದ್ದು. ಗತಿ ಸಿಕ್ಕದೆ ತಿರುಗುದು."

"ಎರಡನೇದಕ್ಕೆ ಓ ಅಂದ್ಬಿಟ್ರೆ?"

"ಓ ಅಂದವ ಅದರ ಹಿಂದೆ ಹೋಗ್ಬೇಕಾಗ್ತದೆ. ಇವತ್ತಲ್ಲ ನಾಳೆ."

ಮಕ್ಕಳಿಗೆ ಅದೊಂದು ಆಟವಾಯಿತು. ಎರಡು ದಿನ ಯಾರನ್ನು ಕರೆದರೂ ಮೂರು ಸಲ ಕೂಗುವವರೆಗೆ ತಿರುಗಿ ನೋಡಲೊಲ್ಲರು. ಹರಿನಾಥ ಸರ್ ಗಂಜಿಗೆ ಕರೆದರೂ ಅಷ್ಟೇ. "ಇದೇನ್ರಿ ಉಗ್ಗಪ್ಪ, ನಾನು ಕಲಿಸೋದು ಬಿಟ್ಟು ನೀವು ಕಲಿಸಿದ್ದನ್ನೇ ಕಲ್ತಿದ್ದಾರೆ" ಎಂದು ಅವರೂ ನಕ್ಕರು. ಆಗ ಅವರಿಗೂ ಅದು ತಮಾಷೆಯೇ ಆಗಿತ್ತು.

ಮೂರನೆಯ ದಿನ ಮಧ್ಯಾಹ್ನ ಊಟವಾಗಿ ಮಕ್ಕಳು ಇಬ್ಬಿಬ್ಬರಾಗಿ ಪದವಿನ ಮೇಲೆ ಚದುರಿದ್ದರು. ನಾನು ಜೀಪನ್ನು ಮಣ್ಣಿನ ದಾರಿಯ ಕೊನೆಯಲ್ಲಿ ನಿಲ್ಲಿಸಿ ಒಳಗೆ ಒರಗಿಕೊಂಡಿದ್ದೆ. ತೆಂಕಿನಿಂದ ಮೋಡ ಬಂತು. ಮೇಲಿನಿಂದಲ್ಲ, ನೆಲದ ಮೇಲೆ ಉರುಳಿಕೊಂಡು ಬಂತು. ಕಣ್ಣು ಮುಚ್ಚಿ ಬಿಡುವುದರೊಳಗೆ ಜೀಪಿನ ಮೂತಿಯೇ ನನಗೆ ಕಾಣಿಸಲಿಲ್ಲ. ಹಿಂದಿನಿಂದ ಮಳೆ.

ಮೇಷ್ಟ್ರು ಸೀಟಿ ಊದಿದರು. ಮಕ್ಕಳು ಒಬ್ಬೊಬ್ಬರಾಗಿ ಒದ್ದೆ ಕೋಳಿಗಳ ಹಾಗೆ ಜೀಪಿನ ಹತ್ತಿರ ಬಂದು ಸೇರಿದರು. ಎಣಿಸಿದರೆ ಒಬ್ಬಳು ಕಡಿಮೆ.

"ತುಷಾರ್, ಪೂಜಾ ಎಲ್ಲಿ? ನಿನ್ನ ಜೊತೆ ಇದ್ಲಲ್ಲ?"

ತುಷಾರ್ ಎಂಬ ಆ ಹುಡುಗನ ತುಟಿ ನೀಲಿಯಾಗಿತ್ತು. "ಸರ್, ಒಂದು ಕಪ್ಪೆ ಫೋಟೋ ತೆಗೀತೀನಿ, ನೀನು ಹೋಗು ಅಂದ್ಲು. ನಾನು... ಬಂದಿದಾಳೆ ಅಂದ್ಕೊಂಡೆ."

"ಯಾವ ಕಡೆ?"

ಅವನು ಕೈ ಎತ್ತಿದ. ಎಲ್ಲಿಗೆ ತೋರಿಸಲಿ? ನಾಲ್ಕು ಕಡೆಯೂ ಬಿಳಿ ಗೋಡೆ. ಕೈ ಹಾಗೆಯೇ ಕೆಳಗೆ ಬಂತು.

ಪಡುಬದಿಗೆ ಕೋರೆಗಳಿವೆ ಎಂಬುದು ನನ್ನ ತಲೆಗೆ ಬಂತು. ಮಕ್ಕಳಿಗೆ ಜೀಪಿನಿಂದ ಕದಲಬಾರದು ಎಂದು ಹೇಳಿ ಮೇಷ್ಟ್ರು ಮೂಡಕ್ಕೆ ಹೋದರು. ಉಗ್ಗಪ್ಪಣ್ಣ ಆಗಲೇ ಕೋಲು ಕುಟ್ಟಿಕೊಂಡು ಪಡುವಿಗೆ ಹೋಗಿದ್ದರು. ನಾನು ಸೀಟಿನ ಅಡಿಯಿಂದ ಹಗ್ಗ ಎಳೆಯುತ್ತಿದ್ದೆ. ಅಷ್ಟರಲ್ಲಿ ಅವರು ಮಂಜಿನೊಳಗಿನಿಂದ ತಿರುಗಿ ಬಂದರು. ಮುಖದಲ್ಲಿ ರಕ್ತವಿಲ್ಲ.

"ಮಾಬಲ, ಕರೀತು."

"ಎಂತ ಕರೀತು?"

"ಕುಲೆ. 'ಅಜ್ಜಾ' ಹೇಳಿ ಕರೀತು. ನಿಂತೆ. ಇನ್ನೊಂದು ಸಲ ಕರೀತು. ಮೂರನೇದಕ್ಕೆ ಕಾದೆ, ತುಂಬ ಹೊತ್ತು ಕಾದೆ. ಬರ್ಲೇ ಇಲ್ಲ ಮಾರಾಯ."

ನನ್ನ ರಕ್ತ ಕುದಿಯಿತು. ಹೆಗಲು ಹಿಡಿದು ಅಲುಗಾಡಿಸಿದೆ. "ಕುಲೆಯಾ? ಹುಡುಗಿ ನಿಮ್ಮನ್ನು ಕರೆದದ್ದು, ಹುಡುಗಿ! ತಲೆಯಲ್ಲಿ ಎಂತ ಉಂಟು ನಿಮ್ಗೆ, ಹೊಟ್ಟಾ?"

ಉಗ್ಗಪ್ಪಣ್ಣ ಅಳುವ ದನಿಯಲ್ಲಿ ಹೇಳಿದರು: "ಅವಳಾದ್ರೆ ಮೂರು ಸಲ ಕರೀತಿರ್ಲಿಲ್ವಾ ಮಾಬಲ? ನಾನೇ ಹೇಳಿಕೊಟ್ಟಿದ್ದೆ ಅಲ್ವಾ ಅವಳಿಗೆ?"

ಸತ್ಯ ಹೇಳುತ್ತೇನೆ, ಒಂದು ಉಸಿರಿನಷ್ಟು ಹೊತ್ತು ನನಗೂ ಹಾಗೆಯೇ ಅನ್ನಿಸಿತು. ನಾನೂ ಅದೇ ಅಜ್ಜಿಯಂದಿರ ಮೊಮ್ಮಗ ತಾನೆ? ಆಮೇಲೆ ಮಳೆಯ ಸದ್ದು ಕೇಳಿಸಿತು. ಇಂಥ ಮಳೆಯಲ್ಲಿ ಮೂರನೆಯ ಕರೆ ಯಾರ ಕಿವಿಗೆ ಬಿದ್ದೀತು?

"ಯಾವ ಕೋರೆಯಿಂದ ಕೇಳಿದ್ದು?"

"ನನಗೆ ಬಾಯಲ್ಲಿ ಹೇಳ್ಲಿಕ್ಕೆ ಗೊತ್ತಾಗುದಿಲ್ಲ."

ಅಲ್ಲಿ ಕೋರೆ ಒಂದಲ್ಲ, ಒಂದರ ಪಕ್ಕ ಒಂದು. ನಡುವೆ ಗದ್ದೆಯ ಹುಣಿ, ಅಂದರೆ ಬದುವಿನಷ್ಟೇ ಅಗಲದ ಕಲ್ಲು. ಮಂಜಿನಲ್ಲಿ ನಾನೊಬ್ಬನೇ ಹೋದರೆ ನಾನೂ ಒಂದರೊಳಗೆ. ಕೇಳಿಸಿಕೊಂಡವರು ಅವರು, ಅವರು ಬರಲೇಬೇಕು. ಅದನ್ನು ಹೇಳುವ ಧೈರ್ಯ ನನಗೆ ಬರುವ ಮೊದಲೇ ಅವರು ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಗಂಟನ್ನು ನಾನು ಬಿಗಿದೆ.

ಅವರು ಮುಂದೆ, ನಾನು ಹಿಂದೆ. ಕೋಲು ಕುಟ್ಟುವ ಸದ್ದು, ಅವರ ಹಲ್ಲು ಕಟಕಟ ಎನ್ನುವ ಸದ್ದು. ಒಂದು ಕಡೆ ಕೋಲು ಗಾಳಿಗೆ ಹೋಯಿತು. ಅವರು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತರು.

"ಇಲ್ಲಿ."

ನಾನು ಹುಡುಗಿಯ ಹೆಸರು ಹಿಡಿದು ಕೂಗಿದೆ. ಕೆಳಗೆ ನೀರು ಸುರಿಯುವ ಸದ್ದು ಮಾತ್ರ. ಪದವಿನ ನೀರೆಲ್ಲ ಆ ಹೊಂಡಕ್ಕೆ ಬೀಳುತ್ತಿತ್ತು. ಇನ್ನೊಮ್ಮೆ ಕೂಗಿದೆ. ಇಲ್ಲ.

"ನಿನ್ನನ್ನಲ್ಲ ಕರೆದದ್ದು. ನನ್ನನ್ನು" ಎಂದರು ಉಗ್ಗಪ್ಪಣ್ಣ.

ಅವರು ಎದ್ದು ನಿಂತರು. ನನ್ನ ಕಡೆ ಒಮ್ಮೆ ನೋಡಿದರು. ಆ ಮುಖ ನನಗೆ ಮರೆಯುವುದಿಲ್ಲ. ಅವರ ನಂಬಿಕೆ ಬದಲಾಗಿರಲಿಲ್ಲ. ಕೆಳಗಿರುವುದು ಹುಡುಗಿಯೋ ಕುಲೆಯೋ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಎರಡೇ ಕರೆ ಕೇಳಿದ್ದರು. ಓಗೊಟ್ಟರೆ ತಾನು ಹಿಂದೆ ಹೋಗಬೇಕು ಎಂದು ಅವರಿಗೆ ಅಷ್ಟೇ ಖಚಿತವಿತ್ತು. ಎದೆ ತುಂಬ ಗಾಳಿ ತೆಗೆದುಕೊಂಡು, ಕಣ್ಣು ಮುಚ್ಚಿ, ಆ ಬಿಳಿಯೊಳಕ್ಕೆ "ಓ..." ಎಂದರು.

ಕೆಳಗಿನಿಂದ, ಬೆಕ್ಕಿನ ಮರಿಯ ದನಿಯಷ್ಟು ಸಣ್ಣಗೆ, "ಅಜ್ಜಾ..."

ಅಂಚಿನಲ್ಲಿ ಕವುಚಿ ಮಲಗಿ ನೋಡಿದೆ. ಮಂಜು ಅಷ್ಟು ಸರಿದಾಗ ಕಂಡಳು. ಅಂಚಿನ ಮಣ್ಣು ಜರಿದು ಬಿದ್ದಿದ್ದಳು. ಜೊತೆಗೆ ಜರಿದ ಕಲ್ಲುಗಳ ನಡುವೆ ಕಾಲು ಸಿಕ್ಕಿಕೊಂಡಿತ್ತು. ಕೆಂಪು ನೀರು ಎದೆಯ ಮಟ್ಟ ದಾಟಿತ್ತು. ಗಂಟಲು ಹರಿಯುವವರೆಗೆ ಕೂಗಿ ಕೂಗಿ ಈಗ ದನಿಯೇ ಇರಲಿಲ್ಲ.

ಯಾರಾದರೂ ಇಳಿಯಬೇಕು. ಹಗ್ಗ ಕಟ್ಟಲು ಒಂದು ಗಿಡವಿಲ್ಲ. ನನ್ನ ತೂಕವನ್ನು ಉಗ್ಗಪ್ಪಣ್ಣ ಹಿಡಿಯಲಾರರು. ನಾನು ಅವರನ್ನು ಹಿಡಿಯಬಲ್ಲೆ. ಈ ಲೆಕ್ಕ ಇಬ್ಬರಿಗೂ ಒಟ್ಟಿಗೆ ಅರ್ಥವಾಯಿತು. ಒಂದಾಳು ಎತ್ತರದ ಮರದಿಂದ ಇಳಿಯಲಾರದೆ ಅತ್ತ ಮನುಷ್ಯ.

"ಮಾಬಲ, ಬಿಡ್ತಿಯಾ?"

"ನಾನು ಸತ್ರೂ ಬಿಡುದಿಲ್ಲ."

"ಸಾಯ್ಬೇಡ. ಸತ್ರೆ ಹಗ್ಗ ಬಿಟ್ಟು ಹೋಗ್ತದೆ."

ಪದವಿನ ಬಡಗು ಅಂಚಿನಲ್ಲಿ ಗುಳಿಗನೆಂಬ ದೈವದ ಕಲ್ಲಿದೆ. ಅವರು ಆ ದಿಕ್ಕಿಗೆ ತಿರುಗಿ ಕೈಮುಗಿದು ಹೇಳಿದ್ದನ್ನು ನಾನು ಹಗ್ಗ ಹಿಡಿದು ಕೇಳಿದೆ: "ಸ್ವಾಮಿ ಗುಳಿಗ, ಈ ಮಗುವನ್ನು ಜೀವ ಸಮೇತ ಮೇಲೆ ಕೊಡು. ಅವಳ ಕೈಯಿಂದಲೇ ನಿನ್ನ ಕಲ್ಲಿನ ಮುಂದೆ ಒಂದು ಸೀಯಾಳ ಇಡಿಸ್ತೇನೆ." ಒಂದು ಎಳನೀರಿನ ಹರಕೆ ಹೇಳಿ ಇಳಿದರು.

ಹಗ್ಗ ನನ್ನ ಅಂಗೈ ಸುಲಿಯಿತು. ಎರಡು ಕಾಲನ್ನೂ ಕಲ್ಲಿನ ಬಿರುಕಿಗೆ ಒತ್ತಿ ಕುಳಿತಿದ್ದೆ. ಮಂಜು ಮತ್ತೆ ಮುಚ್ಚಿತು. ಕೆಳಗಿನಿಂದ ನೀರಿನ ಸದ್ದು, ಕಲ್ಲು ಉರುಳಿದ ಸದ್ದು, ಹುಡುಗಿಯ ಚೀತ್ಕಾರ, ಆಮೇಲೆ ಏನೂ ಇಲ್ಲ. ಆ 'ಏನೂ ಇಲ್ಲ' ಎಷ್ಟು ಹೊತ್ತಿತ್ತೋ ಹೇಳಲಾರೆ. ಇಬ್ಬರೂ ಹೋದರು ಎಂದೇ ತಿಳಿದು ನಾನು ಹುಚ್ಚನ ಹಾಗೆ ಬೊಬ್ಬೆ ಹಾಕಿದೆ. ಆ ಬೊಬ್ಬೆ ಕೇಳಿಯೇ ಹರಿನಾಥ ಸರ್ ಕಲ್ಲಿನ ಹುಣಿಯ ಮೇಲೆ ಕೈಕಾಲು ಊರಿಕೊಂಡು ತೆವಳುತ್ತ ಬಂದರು. ಹಗ್ಗ ಎರಡು ಸಲ ಜಗ್ಗಿತು. ಇಬ್ಬರೂ ಸೇರಿ ಎಳೆದೆವು. ಮೇಲೆ ಬಂದದ್ದು ಹುಡುಗಿ. ಉಗ್ಗಪ್ಪಣ್ಣ ತನ್ನ ಸೊಂಟದ ಹಗ್ಗ ಬಿಚ್ಚಿ ಅವಳಿಗೆ ಕಟ್ಟಿದ್ದರು.

ಅವಳನ್ನು ಮಲಗಿಸುತ್ತಿರುವಾಗ ಕೆಳಗಿನಿಂದ ಕರೆ ಬಂತು. "ಮಾಬಲಾ!"

"ಓ! ಹಗ್ಗ ಬಿಟ್ಟೆ, ಹಿಡ್ಕೊಳ್ಳಿ!"

"ಸುಮ್ನಿರು! ಮೂರಾಗ್ಲಿ!" ಎಂದು ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು ನನಗೇ ಬೈದು, ಇನ್ನೆರಡು ಸಲ ಕರೆದರು. ಎರಡಕ್ಕೂ ಓಗೊಟ್ಟ ಮೇಲೆಯೇ ಅವರು ಹಗ್ಗ ಹಿಡಿದು ಮೇಲೆ ಬಂದರು. ನಗು ಬಂತೋ ಅಳು ಬಂತೋ ಗೊತ್ತಿಲ್ಲ.

ಕಾಸರಗೋಡಿನ ಆಸ್ಪತ್ರೆಗೆ ಜೀಪು ಹೇಗೆ ಓಡಿಸಿದೆ ಎಂದು ನನಗೆ ನೆನಪಿಲ್ಲ. ಹುಡುಗಿಯ ಕಾಲು ಎರಡು ಕಡೆ ಮುರಿದಿತ್ತು, ಜೀವ ಉಳಿಯಿತು. ಮರುದಿನ ಬೆಳಿಗ್ಗೆ ಅಪ್ಪ ಅಮ್ಮ ಬಂದರು. ಉಗ್ಗಪ್ಪಣ್ಣ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು, ಹರಕೆಯ ಒಂದು ಮಾತು ಹೇಳಬೇಕು ಎಂದು. ಅಷ್ಟರಲ್ಲಿ ಹರಿನಾಥ ಸರ್ ಆ ಅಪ್ಪನಿಗೆ ವಿವರಿಸುತ್ತಿದ್ದರು: ಸ್ಥಳೀಯ ಮನುಷ್ಯ ಭೂತವೆಂದು ಹೆದರಿ ನಿಂತ, ಅದರಿಂದ ತಡವಾಯಿತು. ಆ ಅಪ್ಪ ಬಾಗಿಲ ಕಡೆ ತಿರುಗಿ ನೋಡಿದ ನೋಟಕ್ಕೆ ಉಗ್ಗಪ್ಪಣ್ಣ ಗೋಡೆಯ ಮರೆಗೆ ಸರಿದರು. ನಾನು ಮುಂದೆ ನುಗ್ಗಿದೆ. ಉಗ್ಗಪ್ಪಣ್ಣ ಅಂಗಿ ಹಿಡಿದು ಎಳೆದರು. "ಬೇಡ ಮಾಬಲ. ಮಗು ಮಲಗಿದೆ." ಮಧ್ಯಾಹ್ನ ಅವಳನ್ನು ಆಂಬುಲೆನ್ಸಿನಲ್ಲಿ ಊರಿಗೆ ಕೊಂಡುಹೋದರು.

ಅಲ್ಲಿಂದ ಆ ಮನುಷ್ಯನಿಗೆ ಹಿಡಿದ ಹೆದರಿಕೆ ಹಳೆಯ ಹೆದರಿಕೆಗಳ ಹಾಗಿರಲಿಲ್ಲ. ಗುಳಿಗನಿಗೆ ಕೊಟ್ಟ ಮಾತು ತಪ್ಪಿದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಾಡಿನಿಂದ ಹಲ್ಲಿ ಬಿದ್ದರೂ ಬೆಚ್ಚುವರು. ದನ ಗಬ್ಬ ಇಳಿಸಿದರೆ ಅದಕ್ಕೂ ಅದೇ ಕಾರಣ. ಒಂದು ವರ್ಷ ಕಳೆಯಿತು. ನಾನು ತುಷಾರನ ಮೂಲಕ ಹುಡುಗಿಯ ನಂಬರ್ ಸಂಪಾದಿಸಿ, ಉಗ್ಗಪ್ಪಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿದೆ. ಅವಳ ದನಿ ಕೇಳಿ ಅವರ ಮುಖ ಅರಳಿತು.

"ಅಜ್ಜ ಹೇಗಿದಾರೆ ಅಣ್ಣಾ? ಕುಂಟ್ಕೊಂಡು ನಡೀತಿದೀನಿ ಈಗ. ಅಜ್ಜನ್ನ ನೋಡ್ಬೇಕು ಅಂತ ತುಂಬ ಆಸೆ."

"ಒಮ್ಮೆ ಬಾಮ್ಮ ಇಲ್ಲಿಗೆ."

"ಆಗಲ್ಲ ಅಣ್ಣಾ. ಮಳೆ ಸದ್ದು ಕೇಳಿದ್ರೇ ಮೈ ನಡುಗುತ್ತೆ. ಆ ಜಾಗ ನೆನೆಸ್ಕೊಂಡ್ರೆ ಉಸಿರು ಕಟ್ಟುತ್ತೆ. ಓದೋ ವಿಷಯಾನೂ ಬದಲಾಯಿಸ್ಕೊಂಡೆ."

"ಅಲ್ಲಮ್ಮ, ಒಂದು ಹರ..." ಎನ್ನುವಷ್ಟರಲ್ಲಿ ಉಗ್ಗಪ್ಪಣ್ಣ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. ಫೋನ್ ತಾವೇ ಒತ್ತಿ ನಿಲ್ಲಿಸಿದರು.

"ಎಂತ ಇದು? ಒಂದು ಮಾತು ಹೇಳಿದ್ರೆ ಬರ್ತಾಳೆ ಅವಳು!"

"ಬರ್ತಾಳೆ. ಹೆದರಿ ಬರ್ತಾಳೆ. ಬರ್ಲಿಕ್ಕೆ ಆಗದಿದ್ರೆ ಹೆದರಿಕೊಂಡೇ ಕೂತ್ಕೊಳ್ತಾಳೆ, ಜೀವ ಇರುವವರೆಗೆ." ಉಗ್ಗಪ್ಪಣ್ಣ ನನ್ನನ್ನು ನೋಡದೆ ಹೇಳಿದರು. "ಅದು ಎಂತ ಬದುಕು ಅಂತ ನನಗೆ ಗೊತ್ತುಂಟು. ಒಬ್ಬ ಸಾಕು."

ಕಳೆದ ಆಟಿ ತಿಂಗಳಲ್ಲಿ ಜ್ವರ ಬಂದು ಎದೆಗೆ ಇಳಿದು ಅವರು ತೀರಿಕೊಂಡರು. ಎಪ್ಪತ್ತರ ಹತ್ತಿರದ ವಯಸ್ಸು, ಮಳೆಗಾಲದ ಜ್ವರ. ಡಾಕ್ಟರು ಅಷ್ಟೇ ಹೇಳಿದ್ದು. ಬೇರೇನೂ ಹೇಳುವ ಧೈರ್ಯ ನನಗಿಲ್ಲ.

ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ನಾನು ಸೀಯಾಳ ಕೊಯ್ದು ಗುಳಿಗನ ಕಲ್ಲಿಗೆ ಹೋದೆ. ಅಲ್ಲಿ ದೀಪ ಇಡುವವರು ಭುಜಂಗಣ್ಣ. ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದರು.

"ಯಾರ ಕೈಯಿಂದ ಅಂತ ಹೇಳಿದ್ದು?"

"ಹುಡುಗಿಯ ಕೈಯಿಂದ."

"ಮತ್ತೆ ನಿನ್ನ ಕೈಯಲ್ಲಿ ತೆಗೊಳ್ಳುದು ಹೇಗೆ ಮಾರಾಯ? ಹೇಳಿದವನಿದ್ದಿದ್ರೆ ಮಾತು ಬದಲಿಸಿ ಕೇಳ್ಬಹುದಿತ್ತು. ಅವನೂ ಇಲ್ಲ."

"ಹಾಗಾದ್ರೆ ಈ ಹರಕೆ ಯಾರ ಮೇಲೆ ಉಂಟು ಈಗ?"

ಭುಜಂಗಣ್ಣ ಬತ್ತಿ ಸರಿಮಾಡತೊಡಗಿದರು. ಬೈಯಬೇಕು ಅನ್ನಿಸಿತು. ಆ ಕಲ್ಲಿನ ಮುಂದೆ ಬಾಯಿ ಬರಲಿಲ್ಲ.

ಸೀಯಾಳವನ್ನು ಜೀಪಿನ ಮುಂದಿನ ಸೀಟಿನಲ್ಲಿಟ್ಟು ತಿರುಗಿ ತಂದೆ. ಗುಳಿಗನಿಗೆಂದು ಕೊಯ್ದದ್ದನ್ನು ಕುಡಿಯಲು ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಬಿಸಾಡಲು ನನಗೆ ಕೈ ಬರಲಿಲ್ಲ. ಅಂಗಳದ ಮೂಲೆಯಲ್ಲಿ ಅದು ಒಣಗಿ ಬಣ್ಣಗೆಟ್ಟಿತು. ಗುಳಿಗನ ಸೀಯಾಳ ಬಾಕಿಯೇ ಇದೆ.